ನಾಯಕಿಗೆ ಡಿಸ್ಲೆಕ್ಸಿಯಾ ಇದೆ ಅಂದ್ರೆ ಅಕ್ಷರ ಕುಣಿಯಲೇಬೇಕಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಗದಗಿನವಳು, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಈ ಬೇಸಿಗೆ ರಜೆಯಲ್ಲಿ ಒಂದು ಪ್ರೇಮ ಕಾದಂಬರಿ ಬರೆಯಲು ಕೂತಿದ್ದೇನೆ. ನಾಯಕಿಗೆ 26 ವರ್ಷ, ಕಾಕಾನ ಪ್ರಿಂಟಿಂಗ್ ಪ್ರೆಸ್ಸಿನ ಕೌಂಟರ್ ನೋಡಿಕೊಳ್ಳುತ್ತಾಳೆ. ಏಪ್ರಿಲ್‌ನಲ್ಲಿ ಧಾರವಾಡದ ಹುಡುಗನೊಬ್ಬ ತಂಗಿಯ ಲಗ್ನಪತ್ರಿಕೆ ಮಾಡಿಸಲು ಬರುತ್ತಾನೆ. ಅಲ್ಲಿಂದ ಕತೆ ಶುರು. ನಾಯಕಿಗೆ ಡಿಸ್ಲೆಕ್ಸಿಯಾ, ಅಂದರೆ ಓದು ಬರಹದಲ್ಲಿ ತೊಡಕು ಇದೆ. ನಾನು ಬರೆದಿರೋದು ಹೀಗೆ: ಅವಳ ಕಣ್ಣ ಮುಂದೆ ಅಕ್ಷರಗಳು ಕುಣಿಯುತ್ತವೆ, 'ಕಮಲ' ಅನ್ನೋದನ್ನು 'ಲಮಕ' ಅಂತ ಓದುತ್ತಾಳೆ. ಹುಡುಗ ಎರಡು ತಿಂಗಳು ಕೂತು ಓದು ಕಲಿಸುತ್ತಾನೆ. ಕೊನೆಯ ಅಧ್ಯಾಯದಲ್ಲಿ ಅವನ ಪ್ರೇಮಪತ್ರವನ್ನು ಅವಳು ಒಂದೇ ಉಸಿರಿಗೆ ಓದುತ್ತಾಳೆ. ಓದಿದ ಗೆಳತಿಯರಲ್ಲಿ ಒಬ್ಬಳು, ಅದು ಇಂಗ್ಲಿಷಿನ ಸಮಸ್ಯೆ, ಕನ್ನಡದಲ್ಲಿ ಡಿಸ್ಲೆಕ್ಸಿಯಾ ಇರಲ್ಲ ಅಂದಳು. ಇನ್ನೊಬ್ಬಳು, ಇಂಥವರು ಭಾರಿ ಪ್ರತಿಭಾವಂತರು, ಅವಳನ್ನು ಚಿತ್ರಕಲಾವಿದೆ ಮಾಡು ಅಂದಳು. ಮತ್ತೊಬ್ಬಳು, ಇಂಥ ಹುಡುಗಿಗೆ ಮದುವೆ ಆಗುತ್ತೆ ಅಂದ್ರೆ ಯಾರು ನಂಬ್ತಾರೆ ಅಂದಳು. ಯಾವುದು ನಿಜ? ಇನ್ನೊಂದು ಮಾತು. ಈ ನಾಯಕಿ ಅಂದರೆ ನಮ್ಮ ಅಕ್ಕ. ಅವಳಿಗೀಗ 34, ಪಿಯುಸಿಗೆ ಓದು ಬಿಟ್ಟಳು, ಯಾವ ಪರೀಕ್ಷೆಯೂ ಆಗಿಲ್ಲ. ನಾನು ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ. ಈ ವಯಸ್ಸಿನಲ್ಲಿ ಪರೀಕ್ಷೆ ಮಾಡಿಸಬಹುದಾ? ಅವಳಿಗೆ ಹೇಗೆ ಹೇಳಲಿ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲ ಸಲ ಕಾದಂಬರಿಯ ಪ್ರಶ್ನೆ ಅನ್ನಿಸಿತು. ಎರಡನೇ ಸಲ, ಕೊನೆಯ ನಾಲ್ಕು ಸಾಲಿಗೋಸ್ಕರವೇ ನೀವು ಉಳಿದದ್ದೆಲ್ಲ ಬರೆದಿದ್ದೀರಿ ಅನ್ನಿಸಿತು. ಆದರೂ ಕಾದಂಬರಿಯಿಂದಲೇ ಶುರು ಮಾಡುತ್ತೇನೆ. ನಾಯಕಿಯನ್ನು ಸರಿಯಾಗಿ ಬರೆಯಲು ನಿಮಗೆ ಏನೇನು ಗೊತ್ತಿರಬೇಕೋ, ಅಕ್ಕನ ಹತ್ತಿರ ಮಾತಾಡಲೂ ಅದೇ ಬೇಕು.

ಮೊದಲು ಆ ಕುಣಿಯುವ ಅಕ್ಷರಗಳನ್ನು ತೆಗೆಯಿರಿ. ಹೆಚ್ಚುಕಡಿಮೆ ಎಲ್ಲರೂ ಡಿಸ್ಲೆಕ್ಸಿಯಾ ಅಂದ ಕೂಡಲೇ ಇದನ್ನೇ ಬರೆಯುತ್ತಾರೆ. ಈ ಕಲ್ಪನೆ ಹಳೆಯದು. 1887ರಲ್ಲಿ ಆ ಹೆಸರು ಕೊಟ್ಟ ಜರ್ಮನಿಯ ರುಡಾಲ್ಫ್ ಬರ್ಲಿನ್ ಕಣ್ಣಿನ ಡಾಕ್ಟರ್ ಆಗಿದ್ದರು. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಅನ್ನೋ ಡಾಕ್ಟರ್ 14 ವರ್ಷದ ಪರ್ಸಿ ಎಂಬ ಹುಡುಗನ ಬಗ್ಗೆ ಬರೆದಾಗಲೂ ಅದನ್ನು 'ಪದಗುರುಡು' ಅಂತಲೇ ಕರೆದರು. ಹೀಗಾಗಿ ತಪ್ಪು ಕಣ್ಣಿನಲ್ಲಿದೆ ಅನ್ನೋದು ಜನರ ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ಅದೇ ಮಾರ್ಗನ್ ಬರೆದದ್ದರಲ್ಲಿ ಇನ್ನೊಂದು ಮಾತಿದೆ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಇವನೇ ಶಾಲೆಗೆ ಜಾಣ ಅನ್ನಿಸಿಕೊಳ್ಳುತ್ತಿದ್ದ ಅಂತ ಪರ್ಸಿಯ ಮಾಸ್ತರು ಹೇಳಿದ್ದರು. ನನಗೆ ಆ ಮಾಸ್ತರ ಮಾತೇ ಜಾಸ್ತಿ ಮುಖ್ಯ.

ಕಣ್ಣು ಅಕ್ಷರವನ್ನು ಸರಿಯಾಗೇ ನೋಡುತ್ತದೆ. ತೊಡಕಿರೋದು ನೋಡಿದ ಅಕ್ಷರವನ್ನು ಸದ್ದಿಗೆ ಜೋಡಿಸುವಲ್ಲಿ. ಮಾತಾಡುವಾಗ 'ಸೂರ್ಯ' ಒಂದೇ ಪದ. ಓದುವಾಗ ಅದನ್ನು ಬಿಡಿ ಸದ್ದುಗಳಾಗಿ ಒಡೆಯಬೇಕು, ಪ್ರತಿಯೊಂದಕ್ಕೂ ಗುರುತು ಹುಡುಕಬೇಕು, ಮತ್ತೆ ಕೂಡಿಸಬೇಕು. ನಮಗೆ ನಿಮಗೆ ಇದು ಗೊತ್ತೇ ಆಗದ ಹಾಗೆ ನಡೆದುಹೋಗುತ್ತದೆ. ಅವರಿಗೆ ಪ್ರತಿ ಸಲವೂ ಅದೊಂದು ಕೆಲಸ. ನನ್ನ ಹತ್ತಿರ ಬಂದಿದ್ದ ಹಾವೇರಿ ಕಡೆಯ ಒಬ್ಬ ಹುಡುಗ ಹೇಳಿದ್ದು ಯಾವ ಪುಸ್ತಕಕ್ಕಿಂತ ಚೆನ್ನಾಗಿತ್ತು: "ಅಕ್ಕೋರ, ಅಕ್ಷರ ಕಾಣ್ತಾವ್ರಿ. ಬಾಯಿಗೆ ಲಗೂನ ಬರಾಂಗಿಲ್ರಿ."

ಹಿಂದುಮುಂದಾಗಿ ಬರೆಯೋದು ಐದಾರು ವರ್ಷದ ಎಷ್ಟೋ ಮಕ್ಕಳಲ್ಲಿ ಇರುತ್ತದೆ, ಅದೊಂದೇ ಗುರುತಲ್ಲ. 26 ವರ್ಷದವಳು 'ಕಮಲ'ವನ್ನು 'ಲಮಕ' ಅಂತ ಓದಲ್ಲ. ಅಂಥ ಸರಳ ಪದ ಅವಳಿಗೆ ಎಂದೋ ಬಂದಿರುತ್ತದೆ. ಅಂದಹಾಗೆ, ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ ಅಂತ ದುಡ್ಡು ಕೀಳುವವರೂ ಇದ್ದಾರೆ. ಅವುಗಳಿಂದ ಡಿಸ್ಲೆಕ್ಸಿಯಾ ಸರಿಹೋಗುತ್ತದೆ ಅನ್ನೋದಕ್ಕೆ ಆಧಾರ ಇಲ್ಲ ಅಂತ ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಕೂಡಿ ಹೇಳಿವೆ. ನಿಮ್ಮ ಹುಡುಗನ ಕೈಲಿ ಅಂಥ ಕನ್ನಡಕ ಕೊಡಿಸಬೇಡಿ.

ಈಗ ಕನ್ನಡದಲ್ಲಿ ಇರಲ್ಲ ಅಂದ ಗೆಳತಿಯ ವಿಷಯ. ಅವಳ ಮಾತಿನಲ್ಲಿ ಅರ್ಧ ಸತ್ಯ ಇದೆ. ಇಂಗ್ಲಿಷಿನಲ್ಲಿ ಒಂದೇ ಅಕ್ಷರಕ್ಕೆ ಹತ್ತು ಉಚ್ಚಾರ, ಕನ್ನಡದಲ್ಲಿ ಬರೆದ ಹಾಗೇ ಓದುತ್ತೇವೆ. ಆದ್ದರಿಂದ ಕನ್ನಡದಲ್ಲಿ ತಪ್ಪು ಕಡಿಮೆ. ಆದರೆ ತಪ್ಪು ಕಡಿಮೆ ಅಂದಮಾತ್ರಕ್ಕೆ ತೊಂದರೆ ಇಲ್ಲ ಅಂತಲ್ಲ. 2001ರಲ್ಲಿ ಇಟಾಲಿಯನ್, ಫ್ರೆಂಚ್, ಇಂಗ್ಲಿಷ್ ಓದುವವರ ಮಿದುಳನ್ನು ಹೋಲಿಸಿ ನೋಡಿದರು. ಇಟಾಲಿಯನ್ ಕೂಡ ನಮ್ಮ ಹಾಗೆ ಬರೆದಂತೆ ಓದುವ ಭಾಷೆ. ಅಲ್ಲಿನ ಡಿಸ್ಲೆಕ್ಸಿಯಾ ಇರುವವರು ಉಳಿದಿಬ್ಬರಿಗಿಂತ ಚೆನ್ನಾಗಿ ಓದಿದರು, ಆದರೆ ಓದುವಾಗ ಮಿದುಳಿನ ಎಡಭಾಗದಲ್ಲಿ ಚುರುಕು ಕಡಿಮೆ ಇದ್ದದ್ದು ಮೂರೂ ಭಾಷೆಯವರಲ್ಲಿ ಒಂದೇ ಜಾಗದಲ್ಲಿ. ಭಾಷೆ ಬದಲಾದರೆ ತೊಂದರೆಯ ವೇಷ ಬದಲಾಗುತ್ತದೆ ಅಷ್ಟೆ. ಕನ್ನಡದಲ್ಲಿ ಅದರ ವೇಷ ನಿಧಾನ. ಓದು ಸರಿ ಇರುತ್ತದೆ, ಎತ್ತಿನಗಾಡಿ ಹಾಗೆ ಸಾಗುತ್ತದೆ. ಪುಟ ಮುಗಿಯುವ ಹೊತ್ತಿಗೆ ಮೊದಲ ಸಾಲು ಮರೆತಿರುತ್ತದೆ.

ಅಷ್ಟಕ್ಕೂ ನಮ್ಮ ಲಿಪಿ ಅಷ್ಟೇನೂ ಸಲೀಸಲ್ಲ. ವರ್ಣಮಾಲೆಯಲ್ಲಿ 49 ಅಕ್ಷರ ಅಂತೀವಿ, ಕಾಗುಣಿತ ಒತ್ತಕ್ಷರ ಸೇರಿದರೆ ನೂರಾರು. ಕನ್ನಡ ಓದುವ ಮಕ್ಕಳ ಮೇಲೆ ಸಂಶೋಧಕಿ ಸೋನಾಲಿ ನಾಗ್ ಮಾಡಿದ ಅಧ್ಯಯನದಲ್ಲಿ, ಎಲ್ಲ ಅಕ್ಷರಗಳ ಮೇಲೆ ಹಿಡಿತ ಬರಲು ನಾಲ್ಕನೇ ಐದನೇ ಕ್ಲಾಸಿನ ತನಕ ಬೇಕಾಗುತ್ತದೆ ಅಂತ ಕಂಡುಬಂತು. ಯಾವ ತೊಂದರೆಯೂ ಇಲ್ಲದ ಮಕ್ಕಳ ಮಾತು ಇದು.

ನೀವು ಪ್ರೆಸ್ಸಿನಲ್ಲಿ ಕತೆ ಇಟ್ಟಿದ್ದೀರಲ್ಲ, ಅದು ನನಗೆ ತುಂಬಾ ಹಿಡಿಸಿತು. ಮುದ್ರಣ ಕಾಶಿ ಅನ್ನಿಸಿಕೊಂಡ ಊರು ನಿಮ್ಮದು. ಅಂಥ ಊರಿನಲ್ಲಿ, ಸುತ್ತಲೂ ಕಾಗದ ಶಾಯಿ ಇಟ್ಟುಕೊಂಡು, ಓದು ಕಷ್ಟ ಅನ್ನೋದನ್ನು ಮುಚ್ಚಿಟ್ಟುಕೊಂಡು ಬದುಕುವ ಹುಡುಗಿ. ಅವಳ ಮುಂದೆ ಒಂದು ಲಗ್ನಪತ್ರಿಕೆಯ ಪ್ರೂಫ್ ಇಡಿ, ಏನಾಗುತ್ತದೆ ನೋಡೋಣ.

'ಚಿ.ಸೌ.' ಅಂತ ಶುರು. ಅದು ಅವಳಿಗೆ ಓದುವ ಪದವೇ ಅಲ್ಲ, ಗುರುತು. 'ಸುಖಾಗಮನ ಬಯಸುವವರು' ಅಂಥ ಉದ್ದದ ಪದವನ್ನೂ ಅವಳು ತಡವರಿಸದೆ ಹೇಳುತ್ತಾಳೆ, ಯಾಕಂದರೆ ಸಾವಿರ ಸಲ ಕೇಳಿದ್ದಾಳೆ. 'ಜ್ಯೇಷ್ಠ' ನೋಡಿ. ನಾವು ಹೇಳೋದು ಜ್, ಯ್, ಏ ಅನ್ನೋ ಸಾಲಿನಲ್ಲಿ. ಬರೆಯೋದು ಜೇ ಬರೆದು ಅದಕ್ಕೆ ಯ ಒತ್ತು. ಕಣ್ಣಿಗೆ ಕಾಣುವ ಸಾಲೇ ಬೇರೆ, ಕಿವಿಗೆ ಕೇಳುವ ಸಾಲೇ ಬೇರೆ. 'ಮುಹೂರ್ತ' ಇನ್ನೂ ಕಷ್ಟ. ರ್ ಸದ್ದು ತ ಸದ್ದಿಗಿಂತ ಮೊದಲು, ಆದರೆ ಅರ್ಕಾವೊತ್ತು ಕೂರೋದು ತ ಆದ ಮೇಲೆ. ಹೊಸದಾಗಿ ಓದುವಾಗ ಅದು 'ಮುಹೂತ್ರ' ಆಗುತ್ತದೆ, 'ಸೂರ್ಯ' 'ಸೂಯ್ರ' ಆಗುತ್ತದೆ. ನನ್ನ ಮೇಜಿನ ಮೇಲೆ ಇಂಥ ನೋಟ್‌ಬುಕ್ಕುಗಳು ಎಷ್ಟೋ ಬಂದಿವೆ. ನಿಮ್ಮ 'ಲಮಕ'ದ ಜಾಗಕ್ಕೆ ಇದನ್ನು ತನ್ನಿ.

ಆದರೆ ಪ್ರೆಸ್ಸಿನಲ್ಲೇ ವರ್ಷಗಟ್ಟಲೆ ಕಳೆದವಳಿಗೆ 'ಮುಹೂರ್ತ' ಕೂಡ ಬಾಯಿಪಾಠ. ಅವಳು ಬೀಳೋದು ಹೆಸರುಗಳಲ್ಲಿ. ಪ್ರತಿ ಪತ್ರಿಕೆಗೂ ಹೆಸರು ಹೊಸದು, ಅಡ್ಡಹೆಸರು ಹೊಸದು, ಯಾವುದನ್ನೂ ಊಹಿಸುವ ಹಾಗಿಲ್ಲ. ಸುಮ ಮತ್ತು ಸುಮಾ. ಒಂದು ದೀರ್ಘ ಬಿಟ್ಟುಹೋದರೆ ಐನೂರು ಪ್ರತಿ ಹಾಳು. ಆ ಹುಡುಗನ ತಂಗಿಯ ಹೆಸರಿನಲ್ಲೇ ಒಂದು ದೀರ್ಘ ಬಿಟ್ಟುಹೋಗಲಿ. ನಿಮ್ಮ ಕತೆಗೆ ಬೇಕಾದ ಜಗಳವೂ ಅಲ್ಲೇ ಇದೆ, ಪ್ರೀತಿಯೂ ಅಲ್ಲೇ ಇದೆ.

ಅವಳು ಹೇಗೆ ನಿಭಾಯಿಸುತ್ತಾಳೆ ಅನ್ನೋದನ್ನೂ ಬರೆಯಿರಿ. "ನೀವ ಒಮ್ಮೆ ಓದಿ ಹೇಳ್ರಿ, ನಾ ಕೇಳ್ತೀನಿ" ಅಂತ ಗಿರಾಕಿಯ ಕೈಯಲ್ಲೇ ಪ್ರೂಫ್ ಓದಿಸುತ್ತಾಳೆ. ಗಿರಾಕಿಗೆ ಅದು ಕಾಳಜಿ ಅನ್ನಿಸುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಬೋರ್ಡ್ ಓದುವ ಬದಲು ಕಂಡಕ್ಟರನ್ನು ಕೇಳುತ್ತಾಳೆ. ಹೊಟೇಲಿನಲ್ಲಿ ಮೆನು ಮುಟ್ಟದೆ ಗಿರ್ಮಿಟ್ ಹೇಳುತ್ತಾಳೆ, ಯಾಕಂದರೆ ಅದು ಇದ್ದೇ ಇರುತ್ತದೆ. ವಾಟ್ಸಾಪಿನಲ್ಲಿ ಉದ್ದ ಮೆಸೇಜ್ ಬಂದರೆ ಉತ್ತರ ಕೊಡದೆ ಫೋನೇ ಮಾಡುತ್ತಾಳೆ. ಹುಡುಗ ರಾತ್ರಿ ಹನ್ನೊಂದಕ್ಕೆ ಪ್ರೀತಿಯಿಂದ ಒಂದು ಪುಟ ಬರೆದು ಕಳಿಸಿದ್ದಾನೆ, ಎರಡು ಗುರುತು ನೀಲಿ ಆಗಿವೆ, ಉತ್ತರ ಇಲ್ಲ. ಅವನು ಏನೆಂದುಕೊಳ್ಳುತ್ತಾನೆ, ಅಲ್ವಾ? ಅವಳು ಆಗ ಏನು ಮಾಡುತ್ತಿದ್ದಾಳೆ ಅನ್ನೋದನ್ನು ಒಂದು ಅಧ್ಯಾಯ ಪೂರ್ತಿ ಬರೆಯಬಹುದು.

ಪ್ರತಿಭೆಯ ಮಾತಿಗೆ ಬರುತ್ತೇನೆ. ಡಿಸ್ಲೆಕ್ಸಿಯಾ ಇರುವ ಹುಡುಗ ಚಿತ್ರಕಲೆಯಲ್ಲಿ ಮಿಂಚುವ ಹಿಂದಿ ಸಿನಿಮಾ 'ತಾರೇ ಜಮೀನ್ ಪರ್' ಬಂದಮೇಲೆ ನನ್ನ ಹತ್ತಿರ ಬರುವ ಅಪ್ಪ ಅಮ್ಮಂದಿರು ಮೊದಲು ಕೇಳೋದೇ, ಇವನಿಗೆ ಯಾವ ಕಲೆ ಬರುತ್ತೆ ಮೇಡಂ ಅಂತ. ಐನ್‌ಸ್ಟೈನ್ ಹೆಸರನ್ನೂ ತರುತ್ತಾರೆ, ಅವರಿಗೆ ಡಿಸ್ಲೆಕ್ಸಿಯಾ ಇತ್ತು ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಡಿಸ್ಲೆಕ್ಸಿಯಾಕ್ಕೂ ಬುದ್ಧಿಗೂ ಸಂಬಂಧ ಇಲ್ಲ ಅಂದಾಗ ಅದು ಎರಡೂ ಕಡೆಗೆ ಹೊಂದುತ್ತದೆ. ದಡ್ಡರೂ ಅಲ್ಲ, ಹುಟ್ಟಾ ಕಲಾವಿದರೂ ಅಲ್ಲ, ಎಲ್ಲರಲ್ಲಿ ಇರುವ ಹಾಗೆ ಎಲ್ಲ ಥರದವರೂ ಇದ್ದಾರೆ. ಓದು ಕಷ್ಟವಾದ ಹುಡುಗಿ ಅದಕ್ಕೆ ಬದಲಾಗಿ ಚಿತ್ರ ಬರೆದು ತೋರಿಸಬೇಕು ಅನ್ನೋದು ಅವಳ ಮೇಲೆ ಇನ್ನೊಂದು ಭಾರ. ನೆನಪಿನ ಶಕ್ತಿ ಮಾತ್ರ ಕೊಡಿ. ಯಾವ ಗಿರಾಕಿ ಎಷ್ಟು ಪ್ರತಿ ಹೇಳಿದ್ದ, ಅಡ್ವಾನ್ಸ್ ಎಷ್ಟು ಕೊಟ್ಟಿದ್ದ ಅನ್ನೋದೆಲ್ಲ ಅವಳ ತಲೆಯಲ್ಲಿರಲಿ. ಅದು ವರವಾಗಿ ಬಂದದ್ದಲ್ಲ, ಚೀಟಿ ಓದಬೇಕಾಗಬಾರದು ಅಂತ ದಿನಾ ರೂಢಿ ಮಾಡಿಕೊಂಡದ್ದು. ಅದರಿಂದ ಸಂಜೆ ಹೊತ್ತಿಗೆ ಎಷ್ಟು ದಣಿವಾಗುತ್ತದೆ ಅನ್ನೋದನ್ನೂ ಬರೆಯಿರಿ.

ಎರಡು ತಿಂಗಳಲ್ಲಿ ಕಲಿಸುವ ಹುಡುಗನ ಬಗ್ಗೆ ನನಗೆ ತಕರಾರಿದೆ. ದೊಡ್ಡವರಾದ ಮೇಲೆ ಓದು ಸುಧಾರಿಸುವುದೇ ಇಲ್ಲ ಅನ್ನೋದು ಸುಳ್ಳು. ಸದ್ದು ಒಡೆಯೋದು, ಕಾಗುಣಿತ, ಒತ್ತಕ್ಷರ, ಅರ್ಕಾವೊತ್ತು ಹೀಗೆ ಒಂದಾದ ಮೇಲೊಂದು, ವಾರಕ್ಕೆ ಮೂರು ನಾಲ್ಕು ದಿನ ಕೂತರೆ ಖಂಡಿತ ಬದಲಾವಣೆ ಕಾಣುತ್ತದೆ. ಆದರೆ ಅದು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ. ತಪ್ಪು ಮೊದಲು ಕಡಿಮೆ ಆಗುತ್ತದೆ, ವೇಗ ಬರುವುದು ಕಡೆಗೆ. ಎಷ್ಟೋ ಜನರಿಗೆ ನಿಧಾನ ಜೀವನಪೂರ್ತಿ ಉಳಿಯುತ್ತದೆ. ಪ್ರೀತಿ ಸಿಕ್ಕಿತು, ಓದು ಬಂತು ಅಂತ ಮುಗಿಸಿದರೆ, ಓದು ಬಾರದವರಿಗೆ ಪ್ರೀತಿ ಸಾಲಲಿಲ್ಲ ಅಂತ ಹೇಳಿದ ಹಾಗಾಗುತ್ತದೆ.

ಇನ್ನೊಂದು, ಪ್ರೀತಿಸುವವನೇ ಮಾಸ್ತರ ಆಗುವುದು. ಹುಬ್ಬಳ್ಳಿಯ ಒಂದು ಜೋಡಿ ಬಂದಿದ್ದರು. ಒಳ್ಳೆಯ ಮನುಷ್ಯ, ಹೆಂಡತಿ ಮೇಲೆ ಜೀವ. ದಿನಾ ರಾತ್ರಿ ಊಟ ಆದಮೇಲೆ ಅವಳ ಕೈಲಿ ಪೇಪರ್ ಓದಿಸುತ್ತಿದ್ದ. ಆಕೆಗೆ ಸಂಜೆ ಆರಾದರೆ ಸಾಕು ತಲೆನೋವು. ಗಂಡ ಮನೆಗೆ ಬರುತ್ತಾನೆ ಅಂದರೆ ಪರೀಕ್ಷೆ ಬಂತು ಅನ್ನೋ ಹಾಗೆ ಆಗಿತ್ತು. ನಾನು ಮೊದಲು ಮಾಡಿಸಿದ ಕೆಲಸ ಆ ಪೇಪರ್ ನಿಲ್ಲಿಸಿದ್ದು. ಕಲಿಸುವ ಕೆಲಸವನ್ನು ಕಲಿಸುವವರಿಗೆ ಬಿಡಿ, ನೀವು ಅವಳ ಜೊತೆ ಚಹಾ ಕುಡಿಯಿರಿ ಅಂದೆ.

ಹಾಗಾದರೆ ಕೊನೆಯ ಅಧ್ಯಾಯ? ಅವನು ಪತ್ರದ ಬದಲು ತನ್ನ ದನಿಯಲ್ಲೇ ರೆಕಾರ್ಡ್ ಮಾಡಿ ಕಳಿಸಬಹುದು, ಅದು ಸಹಜ. ನನಗೆ ಕೇಳಿದರೆ ಪತ್ರವೇ ಇರಲಿ. ಅವನು ಚಿಕ್ಕ ಚಿಕ್ಕ ಸಾಲಿನಲ್ಲಿ, ಅಕ್ಷರ ಬಿಡಿಬಿಡಿಯಾಗಿ ಬರೆದಿರಲಿ. ಅವನು ಎದುರಿಗೆ ಇರಬಾರದು. ಅಂಗಡಿ ಬಾಗಿಲು ಅರ್ಧ ಎಳೆದು, ಮೇ ತಿಂಗಳ ಅಡ್ಡಮಳೆ ಸುರಿಯುವಾಗ, ಬೆರಳಿಟ್ಟುಕೊಂಡು ಒಂದು ಪುಟವನ್ನು ಅರ್ಧ ತಾಸು ಓದಲಿ. ಒಂದು ಕಡೆ ತಪ್ಪಾಗಿ ಓದಿ, ವಾಪಸ್ ಹೋಗಿ, ಅರ್ಥ ಆದಾಗ ಸುಮ್ನೆ ಕೂರಲಿ.

ಮದುವೆಯ ಬಗ್ಗೆ ಮೂರನೇ ಗೆಳತಿ ಹೇಳಿದ್ದಕ್ಕೆ ಉದ್ದ ಉತ್ತರ ಬೇಡ. ಓದುವವರಲ್ಲಿ ನೂರಕ್ಕೆ ಐದರಿಂದ ಹತ್ತು ಜನರಿಗೆ ಈ ತೊಂದರೆ ಇರುತ್ತದೆ ಅನ್ನೋದು ಸಾಮಾನ್ಯ ಲೆಕ್ಕ. ಅವರೆಲ್ಲ ಮದುವೆ ಆಗಿ, ಮನೆ ಅಂಗಡಿ ನಡೆಸಿಕೊಂಡು ನಮ್ಮ ನಡುವೆಯೇ ಇದ್ದಾರೆ. ಒಂದು ವಿಷಯ ಮಾತ್ರ ಮುಚ್ಚಿಡಬಾರದು. ಇದು ಮನೆತನದಲ್ಲಿ ಹರಿದುಬರುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಮಗುವಿಗೂ ಬರುವ ಸಾಧ್ಯತೆ ಸುಮಾರು ಅರ್ಧ. ಗೊತ್ತಿದ್ದರೆ ಮಗುವಿಗೆ ಆರೇಳು ವರ್ಷದಲ್ಲೇ ಸಹಾಯ ಕೊಡಬಹುದು, ಅದಕ್ಕೇ ಹೇಳುವುದು ಒಳ್ಳೆಯದು. ಹೆಣ್ಣು ನೋಡಲು ಬಂದವರ ಮುಂದೆ, ಹತ್ತು ಜನರ ನಡುವೆ ಅಲ್ಲ. ಹುಡುಗ ಹುಡುಗಿ ಇಬ್ಬರೇ ಮಾತಾಡುವಾಗ. ಅದರಿಂದ ಸಂಬಂಧ ಮುರಿಯಬಹುದು, ಆ ಅಪಾಯ ಇದ್ದೇ ಇದೆ. ಮುಚ್ಚಿಟ್ಟು ಮದುವೆ ಆದವರು ದಿನಾ ಹೆದರಿಕೊಂಡು ಬದುಕುವುದನ್ನು ನಾನು ನೋಡಿದ್ದೇನೆ. ಹೇಳಿ ಬಿಡುವುದೇ ಮೇಲು ಅನ್ನುತ್ತೇನೆ.

ಈಗ ಅಕ್ಕ.

ಮೊದಲನೆಯದು, ಅವರಿಗೆ ಡಿಸ್ಲೆಕ್ಸಿಯಾ ಇದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಓದು ಕಷ್ಟ ಆಗಲು ಬೇರೆ ಕಾರಣಗಳೂ ಇವೆ. ಚಿಕ್ಕವರಿದ್ದಾಗ ಕಿವಿ ಸೋರುತ್ತಿತ್ತಾ, ಕಣ್ಣು ಮಂದವಿತ್ತಾ, ಶಾಲೆ ತಪ್ಪುತ್ತಿತ್ತಾ, ಮನೆಮಾತು ಬೇರೆ ಇತ್ತಾ, ಇವೆಲ್ಲ ನೋಡಬೇಕು. ಪಿಯುಸಿಗೆ ಬಿಟ್ಟರು ಅಂದಿರಿ. ನಮ್ಮ ಕಡೆ ಕನ್ನಡ ಮಾಧ್ಯಮದಲ್ಲಿ ಹೇಗೋ ಎಸ್‌ಎಸ್‌ಎಲ್‌ಸಿ ತನಕ ಬಂದು, ಪಿಯುಸಿಯಲ್ಲಿ ಎಲ್ಲ ಇಂಗ್ಲಿಷ್ ಆದಾಗ ಕುಸಿದವರು ಬಹಳ. ಅವರಲ್ಲಿ ಡಿಸ್ಲೆಕ್ಸಿಯಾ ಇದ್ದವರೂ ಇದ್ದಾರೆ, ಇಲ್ಲದವರೂ ಇದ್ದಾರೆ. ಹುಡುಗಿಯರಾದರೆ ಯಾರೂ ಕಾರಣ ಕೇಳುವುದಿಲ್ಲ. ತರಗತಿಯಲ್ಲಿ ಗಲಾಟೆ ಮಾಡದೆ ಸುಮ್ಮನೆ ಕೂರುತ್ತಾರೆ, ಬಿಡಿಸಿದರೆ ಮನೆಯಲ್ಲೂ ಕೆಲಸಕ್ಕಾಗುತ್ತಾರೆ.

34ಕ್ಕೆ ಪರೀಕ್ಷೆ ಮಾಡಿಸಬಹುದು. ನಿಮಗೆ ಹತ್ತಿರ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯ ಮನೋವೈದ್ಯ ವಿಭಾಗ. ದೂರ ಹೋಗಲು ಆದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್. ಆದರೆ ಒಂದು ಸಲದ ಭೇಟಿಗೆ ಹೌದು ಇಲ್ಲ ಅಂತ ಉತ್ತರ ಸಿಗುತ್ತದೆ ಅಂದುಕೊಳ್ಳಬೇಡಿ. ಜಾಸ್ತಿ ಬಳಕೆಯಲ್ಲಿರುವ ನಿಮ್ಹಾನ್ಸ್ ಪರೀಕ್ಷೆ 5ರಿಂದ 12 ವರ್ಷದ ಮಕ್ಕಳಿಗೆ ಅಂತ ಮಾಡಿದ್ದು. ದೊಡ್ಡವರಿಗೆ ನಾವು ಓದಿಸಿ, ಬರೆಸಿ, ಬುದ್ಧಿ ಪರೀಕ್ಷೆ ಮಾಡಿ, ಜೊತೆಗೆ ಚಿಕ್ಕಂದಿನ ಕತೆ ಕೇಳಿ ತೀರ್ಮಾನಕ್ಕೆ ಬರುತ್ತೇವೆ. ಹಳೆಯ ಮಾರ್ಕ್ಸ್ ಕಾರ್ಡ್, ಹಳೆಯ ನೋಟ್‌ಬುಕ್ ಇದ್ದರೆ ಒಯ್ಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪಟ್ಟಿ ಮಾಡಿದ 21 ನ್ಯೂನತೆಗಳಲ್ಲಿ ಇದೂ ಸೇರಿದೆ. ಶಾಲಾ ಮಕ್ಕಳಿಗೆ ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಸಿಗುತ್ತಾರೆ. ನಿಮ್ಮ ಅಕ್ಕ ಮತ್ತೆ ಪರೀಕ್ಷೆ ಕಟ್ಟುವ ಮನಸ್ಸು ಮಾಡದಿದ್ದರೆ ಆ ಕಾಗದದಿಂದ ದೊಡ್ಡ ಉಪಯೋಗ ಇಲ್ಲ.

ಹಾಗಾದರೆ ಯಾಕೆ ಮಾಡಿಸಬೇಕು? ಕೆಲವರಿಗೆ ಒಂದು ಹೆಸರು ಸಿಕ್ಕರೆ ಎದೆ ಹಗುರ ಆಗುತ್ತದೆ. ಎಲ್ಲರಿಗೂ ಆಗಲ್ಲ. 40 ದಾಟಿದ ಒಬ್ಬ ಹೆಣ್ಣುಮಗಳು ವರದಿ ಕೈಗೆ ಬಂದಾಗ ಸಿಟ್ಟಾದಳು. "ಇದನ್ನ ಯಾರೂ ಮೊದಲ ಯಾಕ ಹೇಳಲಿಲ್ಲ? ಎಷ್ಟು ಹೊಡತ ತಿಂದೀನಿ ನಾನು" ಅಂತ. ಆ ಸಿಟ್ಟು ಇಳಿಯಲು ನಾಲ್ಕು ತಿಂಗಳು ಹಿಡಿಯಿತು. ನಿಮ್ಮ ಅಕ್ಕನಿಗೂ ಹಾಗೆ ಆಗಬಹುದು. ಊರಲ್ಲಿ ಮಾತು ಹರಡುವ ಭಯವೂ ಸುಳ್ಳಲ್ಲ. ಅದಕ್ಕೇ ನಿರ್ಧಾರ ಅವರದ್ದೇ ಇರಬೇಕು. ಅವರು ಬೇಡ ಅಂದರೂ ನಷ್ಟ ಏನಿಲ್ಲ, ಸಹಾಯ ಆಗುವ ಸಾಧನಗಳಿಗೆ ಪ್ರಮಾಣಪತ್ರ ಬೇಕಿಲ್ಲ. ಈಗ ಫೋನು ಕನ್ನಡ ಓದಿ ಹೇಳುತ್ತದೆ, ಹೇಳಿದ್ದನ್ನು ಬರೆಯುತ್ತದೆ. ಹಿಂದೆ ನಮ್ಮ ಹತ್ತಿರ ಇದು ಇರಲಿಲ್ಲ.

ಹೇಳುವುದು ಹೇಗೆ ಅಂದಿರಿ. ಹಸ್ತಪ್ರತಿ ತಂದು ಅವರ ಕೈಗೆ ಕೊಡಬೇಡಿ. ಇನ್ನೂರು ಪುಟದ ಕಟ್ಟು ಎದುರಿಗಿಟ್ಟು, ಓದು ಕಷ್ಟ ಆಗುವ ಅಕ್ಕನಿಗೆ, ನೋಡು ನಿನ್ನ ಬಗ್ಗೆ ಬರೆದಿದ್ದೀನಿ ಅನ್ನುವುದು ಎಷ್ಟು ಕಷ್ಟ ಕೊಡುತ್ತದೆ ಯೋಚಿಸಿ. ಡಿಸ್ಲೆಕ್ಸಿಯಾ ಅನ್ನೋ ಪದದಿಂದಲೂ ಶುರು ಮಾಡಬೇಡಿ. ಪ್ರೆಸ್ಸಿನ ಮೇಲೆ ಕತೆ ಬರೀತಿದ್ದೀನಿ, ನಿನ್ನಷ್ಟು ನನಗೆ ಗೊತ್ತಿಲ್ಲ, ಕೇಳಿ ತಪ್ಪು ಹೇಳು ಅನ್ನಿ. ಮೊದಲ ಅಧ್ಯಾಯ ನಿಮ್ಮ ದನಿಯಲ್ಲಿ ರೆಕಾರ್ಡ್ ಮಾಡಿ ಫೋನಿಗೆ ಹಾಕಿ. ಅವರೊಬ್ಬರೇ ಇದ್ದಾಗ ಕೇಳಲಿ, ಅಮ್ಮ ಅಣ್ಣನ ಮುಂದೆ ಬೇಡ. ಪ್ರೂಫ್ ಓದಿಸುವ ಜಾಗ ಬಂದಾಗ ಅವರಿಗೆ ಗೊತ್ತಾಗುತ್ತದೆ, ಇದು ಯಾರು ಅಂತ. ಆಮೇಲೆ ಅವರು ಎರಡು ದಿನ ಮಾತಾಡದೆ ಇರಬಹುದು. ಕಾಯಿರಿ. ಮಾತಾಡಿದಾಗ "ನಿನಗ ಓದಾಕ ಬರಂಗಿಲ್ಲೇನು" ಅಂತ ಕೇಳಬೇಡಿ, "ಯಾವುದಕ್ಕ ಜಾಸ್ತಿ ಹೊತ್ತು ಹಿಡೀತದ" ಅಂತ ಕೇಳಿ.

ಬರೆಯಬೇಡ ಅಂದರೆ ಬರೆಯಬೇಡಿ, ಇದೊಂದು ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ. ಅವರು ಇಷ್ಟು ವರ್ಷ ಜತನದಿಂದ ಮುಚ್ಚಿಟ್ಟದ್ದನ್ನು ನೀವು ಅಚ್ಚು ಹಾಕಿಸಿ, ಅದೇ ಊರಿನ ಪುಸ್ತಕದಂಗಡಿಯಲ್ಲಿ ಇಡುವ ಹಾಗಿಲ್ಲ. ಹಾಗೇನಾದರೂ ಆದರೆ ನಾಯಕಿಯನ್ನು ಪ್ರೆಸ್ಸಿನಿಂದ ಎಬ್ಬಿಸಿ ಬೇರೆ ಕಡೆ ಕೂರಿಸಿ. ಔಷಧದ ಅಂಗಡಿ, ಬೀಜ ಗೊಬ್ಬರದ ಅಂಗಡಿ, ಕೊರಿಯರ್ ಆಫೀಸು, ಎಲ್ಲ ಕಡೆ ಓದು ಇದೆ, ಎಲ್ಲ ಕಡೆ ಅದನ್ನು ನಿಭಾಯಿಸುವ ದಾರಿ ಬೇರೆ ಬೇರೆ ಇದೆ. ಯಾವುದು ಅಂತ ಆರಿಸಿ ಮತ್ತೆ ಬರೆಯಿರಿ. ಅಲ್ಲಿ ಅವಳು ಯಾವ ಪದಕ್ಕೆ ನಿಲ್ಲುತ್ತಾಳೆ, ಯಾವುದನ್ನು ನೋಡದೆ ಹೇಳುತ್ತಾಳೆ ಅನ್ನೋದನ್ನು ಕೂತು ನೋಡೋಣ.